ನೆಟ್ಟಿದ್ದೆಷ್ಟು ಅಂತ ಬೇಡ, ಉಳಿದಿದ್ದೆಷ್ಟು ಹೇಳಿ

ಜೂನ್ 5 ಬಂತು ಅಂದ್ರೆ ನಮ್ಮ ನ್ಯೂಸ್ ಡೆಸ್ಕ್‌ಗೆ ಎಲ್ಲಾ ಜಿಲ್ಲೆಗಳಿಂದ ಒಂದೇ ಥರದ ದೃಶ್ಯ ಬರುತ್ತೆ. ಮೊದಲೇ ತೋಡಿಟ್ಟ ಗುಂಡಿ, ಮೊದಲೇ ನಿಲ್ಲಿಸಿದ ಸಸಿ, ಒಂದು ಬಿಂದಿಗೆ ನೀರು, ಆ ಬಿಂದಿಗೆ ಹಿಡಿಯೋಕೆ ಹತ್ತು ಕೈ. ಕೆಳಗೆ ಸ್ಕ್ರೋಲ್‌ನಲ್ಲಿ ಸಂಖ್ಯೆ: ಇಷ್ಟು ಸಾವಿರ, ಇಷ್ಟು ಲಕ್ಷ. ಮುಂದಿನ ವರ್ಷವೂ ಅದೇ ಸಡಗರ, ಹೊಸ ಸಸಿ. ಹೋದ ವರ್ಷದ್ದು ಏನಾಯ್ತು? ಕೇಳುವವರಿಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಪಂಪ್‌ಗೆ ಎಷ್ಟು ಕರೆಂಟ್ ಕೊಟ್ವಿ ಅಂತ ಮಾತ್ರ ಬರೆದು, ಎಷ್ಟು ನೀರು ಬಂತು ಅಂತ ಬರೆಯದಿದ್ರೆ ಲ್ಯಾಬ್‌ನಲ್ಲಿ ಅಂಕ ಸಿಗ್ತಿರಲಿಲ್ಲ. ಗಿಡ ನೆಡೋದರಲ್ಲಿ ಮಾತ್ರ ಖರ್ಚಿನ ಲೆಕ್ಕವೇ ಸಾಧನೆಯ ಲೆಕ್ಕ ಆಗಿಬಿಟ್ಟಿದೆ. ಇದು ಎಷ್ಟು ದುಬಾರಿ ಅಂತ ಗೊತ್ತಾಗಬೇಕಾದ್ರೆ ಕಡಲ ದಡಕ್ಕೆ ಹೋಗಬೇಕು, ಕಾಂಡ್ಲಾ ಕಾಡು ನೋಡಬೇಕು.

ನದಿಯ ಸಿಹಿನೀರು, ಸಮುದ್ರದ ಉಪ್ಪುನೀರು ಸೇರುವ ಅಳಿವೆಯ ಕೆಸರಲ್ಲಿ ಬೆಳೆಯುವ ಮರ ಕಾಂಡ್ಲಾ. ಇದರ ಕೆಲವು ಜಾತಿಗಳ ಬೀಜ ತಾಯಿಮರದಲ್ಲೇ ಮೊಳೆತು, ನುಗ್ಗೆಕಾಯಿ ಥರ ಜೋತಾಡಿ, ಆಮೇಲೆ ಕೆಸರಿಗೆ ಬೀಳುತ್ತೆ. ಬೇರುಗಳ ಸಂದಿಯಲ್ಲಿ ಮೀನು, ಸಿಗಡಿ, ಏಡಿಯ ಮರಿಗಳು ಬೆಳೀತವೆ. ಅಂದ್ರೆ ಕಾಂಡ್ಲಾ ಹೋದ್ರೆ ಮೀನುಗಾರನ ಬಲೆಯೂ ಬರಿದು.

ಇಂಥ ಮರವನ್ನ ನೆಡೋದು ಒಳ್ಳೇದೇ ಅಲ್ವಾ ಅಂತೀರಿ. ಫಿಲಿಪ್ಪೀನ್ಸ್ ದೇಶದ ಕಥೆ ಕೇಳಿ. ಅಲ್ಲಿ ದಶಕಗಳ ಕಾಲ ಕೋಟಿಗಟ್ಟಲೆ ಹಣ ಸುರಿದು ಕಾಂಡ್ಲಾ ನೆಟ್ರು. 2008ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದಾಗ ಬಹುತೇಕ ಕಡೆ ಉಳಿದಿದ್ದು ನೂರಕ್ಕೆ ಹತ್ತೋ ಇಪ್ಪತ್ತೋ. ಯಾಕೆ? ಕಾಂಡ್ಲಾಕ್ಕೆ ಸೂಕ್ತವಾದ ಜಾಗಗಳು ಮೀನು ಹೊಂಡಗಳಾಗಿದ್ದವು. ಅವನ್ನ ಬಿಡಿಸಿಕೊಳ್ಳೋದು ಕಷ್ಟ ಅಂತ, ಯಾರೂ ತಕರಾರು ಮಾಡದ, ಅಲೆ ಬಡಿಯುವ ಬಯಲಲ್ಲಿ ನೆಟ್ಟರು. ಗಿಡ ಮುಳುಗಿ ಸತ್ತವು.

ಈಗ ನಮ್ಮ ಪಕ್ಕದ ತಮಿಳುನಾಡಿನ ಪಿಚಾವರಂ ನೋಡಿ. ಹಿಂದೆ ಅಲ್ಲಿ ಕಾಡನ್ನ ಪಟ್ಟಿ ಪಟ್ಟಿಯಾಗಿ ಕಡಿದಿದ್ರು. ಬಯಲಾದ ನೆಲ ಕುಸಿದು ತಗ್ಗಾಯ್ತು. ಉಬ್ಬರದಲ್ಲಿ ಒಳಗೆ ಬಂದ ನೀರು ಅಲ್ಲೇ ನಿಂತು, ಬಿಸಿಲಿಗೆ ಆವಿಯಾಗಿ, ಉಪ್ಪು ಮಾತ್ರ ಉಳೀತು. ಆ ಉಪ್ಪಲ್ಲಿ ಕಾಂಡ್ಲಾ ಕೂಡ ಬದುಕೋದು ಕಷ್ಟ. 1990ರ ದಶಕದಲ್ಲಿ ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನ, ಅರಣ್ಯ ಇಲಾಖೆ ಮತ್ತು ಊರಿನ ಜನ ಸೇರಿ ಮೊದಲು ಸಸಿ ತರಲಿಲ್ಲ, ಕಾಲುವೆ ತೋಡಿದ್ರು. ಮೀನಿನ ಮುಳ್ಳಿನ ಆಕಾರದ ಕಾಲುವೆ. ನೀರು ಬರೋಕೂ ದಾರಿ ಆಯ್ತು, ಹೋಗೋಕೂ ದಾರಿ ಆಯ್ತು. ಉಪ್ಪು ತೊಳೆದುಹೋದ ಮೇಲೆ ನೆಟ್ಟ ಗಿಡ ನಿಂತಿತು. 2004ರ ಸುನಾಮಿ ಬಂದಾಗ ಅದೇ ಕಡಲೂರು ಜಿಲ್ಲೆಯಲ್ಲಿ, ಕಡಲಿಗೆ ನೇರ ತೆರೆದುಕೊಂಡಿದ್ದ ಹಳ್ಳಿಗಳಿಗಿಂತ ಮರಗಳ ಹಿಂದಿದ್ದ ಹಳ್ಳಿಗಳಿಗೆ ಕಡಿಮೆ ಪೆಟ್ಟು ಬಿತ್ತು. ಉಪಗ್ರಹ ಚಿತ್ರಗಳನ್ನ ಹೋಲಿಸಿ ವಿಜ್ಞಾನಿಗಳು ಕಂಡುಕೊಂಡ ಮಾತಿದು.

ನಮ್ಮಲ್ಲೂ ಅಘನಾಶಿನಿ ಇದೆ. ಅಣೆಕಟ್ಟಿಲ್ಲದೆ ಹರಿದು ಕುಮಟಾ ಹತ್ತಿರ ಕಡಲು ಸೇರುವ ನದಿ. ಅದರ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಉಪ್ಪುನೀರನ್ನೂ ತಡೆಯುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು ಅಲ್ಲಿವೆ. ಇಳಿತದ ಹೊತ್ತಲ್ಲಿ ಕೆಸರಿಗಿಳಿದು ಬಳಚು ಹೆಕ್ಕಿ ಸಂಸಾರ ನಡೆಸುವ ಹೆಂಗಸರಿದ್ದಾರೆ. ಅವರು ಬಳಚು ಹೆಕ್ಕುವ ಜಾಗದಲ್ಲೇ ಸಾಲು ಸಾಲು ಕಾಂಡ್ಲಾ ನೆಟ್ಟುಬಿಟ್ರೆ ಅದು ಪರಿಸರ ರಕ್ಷಣೆ ಅಲ್ಲ, ಬಡವರ ಅನ್ನಕ್ಕೆ ಬೇಲಿ. ಯಾವ ಗಜನಿಯ ದಂಡೆಗೆ ಕಾಂಡ್ಲಾ ಬೇಕು, ಯಾವ ಕೆಸರು ಬಯಲು ಬಯಲಾಗೇ ಇರಬೇಕು ಅನ್ನೋದು ಆ ಅಮ್ಮಂದಿರಿಗೆ ಗೊತ್ತು. ಬೆಂಗಳೂರಿನ ಮ್ಯಾಪ್‌ಗೆ ಗೊತ್ತಿಲ್ಲ.

2023ರ ಕೇಂದ್ರ ಬಜೆಟ್‌ನಲ್ಲಿ ಮಿಷ್ಟಿ ಅನ್ನೋ ಯೋಜನೆ ಘೋಷಣೆ ಆಯ್ತು. ಐದು ವರ್ಷದಲ್ಲಿ ದೇಶದಾದ್ಯಂತ ಸುಮಾರು 540 ಚದರ ಕಿಲೋಮೀಟರ್ ಕಾಂಡ್ಲಾ ಬೆಳೆಸುವ ಗುರಿ. ಸ್ವಾಗತ. ಆದ್ರೆ ನಮ್ಮ ಸಾಲುಮರದ ತಿಮ್ಮಕ್ಕನನ್ನ ನೆನಪು ಮಾಡಿಕೊಳ್ಳಿ. ಹುಲಿಕಲ್ ಮತ್ತು ಕುದೂರಿನ ನಡುವೆ ಆ ದಂಪತಿ ಆಲದ ಸಸಿ ನೆಟ್ಟಿದ್ದು ಅರ್ಧ ಕೆಲಸ. ಬಿಂದಿಗೆಯಲ್ಲಿ ನೀರು ಹೊತ್ತು, ದನಕರು ತಿನ್ನದ ಹಾಗೆ ಮುಳ್ಳು ಕಟ್ಟಿ ಕಾಪಾಡಿದ್ದು ಇನ್ನರ್ಧ. ಮರ ಆಗಿದ್ದು ಆ ಇನ್ನರ್ಧದಿಂದ.

ಅದಕ್ಕೇ ಸರ್ಕಾರಕ್ಕೆ ನನ್ನ ಬೇಡಿಕೆ ಇಷ್ಟೇ. ನೆಟ್ಟ ದಿನದ ಲೆಕ್ಕದ ಪಕ್ಕದಲ್ಲೇ ಮೂರನೇ ವರ್ಷದ ಲೆಕ್ಕವನ್ನೂ ಪ್ರಕಟಿಸಿ. ಎಷ್ಟು ಬದುಕಿವೆ, ಎಷ್ಟು ಸತ್ತಿವೆ, ಯಾಕೆ ಸತ್ತವು, ಎಲ್ಲವೂ ಇರಲಿ. ಆ ಹಾಳೆಗೆ ಊರಿನವರೂ ಸಹಿ ಹಾಕಲಿ. ಗುತ್ತಿಗೆದಾರನ ಕೊನೇ ಕಂತು ಆ ಸಹಿ ಬಿದ್ದ ಮೇಲೇ ಬಿಡುಗಡೆ ಆಗಲಿ.

ನಿಮಗೂ ಒಂದು ಮಾತು. ನಿಮ್ಮೂರಲ್ಲಿ ವನಮಹೋತ್ಸವಕ್ಕೆ ಯಾರಾದ್ರೂ ದೊಡ್ಡವರು ಬಂದ್ರೆ ಹಾರ ಹಾಕಿ, ಚಪ್ಪಾಳೆ ತಟ್ಟಿ. ಆಮೇಲೆ ಮೆಲ್ಲಗೆ ಕೇಳಿ: ಸ್ವಾಮೀ, ಹೋದ ಸಲ ನೆಟ್ಟಿದ್ದನ್ನ ಒಮ್ಮೆ ತೋರಿಸ್ತೀರಾ?