ಸೈನ್ಯದಿಂದ ಬಂದ ಮೇಲೆ ಓದಿದ್ದು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಗಡಿಯಲ್ಲಿನ ಅನುಭವ ಹೇಳಿ ಎಂದು ಸಮಿತಿಯವರು ಕೇಳಿದ್ದರು. ಅದನ್ನು ಕೇಳಿದರೆ ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ನಿಜ. ಆದರೆ ಸಿರುಗುಪ್ಪ, ಕುರುಗೋಡು ಕಡೆಯ ಹುಡುಗರು ನನ್ನ ಮನೆಗೆ ಬಂದು ಕೇಳುವುದು ಬೇರೆ. "ಅಣ್ಣಾ, ರಿಟೈರ್ ಆದ ಮ್ಯಾಲೆ ಓದಬೇಕಂದ್ರ ಮಿಲಿಟ್ರಿಯವ್ರು ರೊಕ್ಕ ಕೊಡ್ತಾರಂತಲ್ಲ, ಹೌದಾ?" ಇವತ್ತು ಅದಕ್ಕೇ ಉತ್ತರ ಹೇಳುತ್ತೇನೆ. ಈ ಪ್ರಶ್ನೆಯಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ.

2002ರಲ್ಲಿ, 19ನೆಯ ವಯಸ್ಸಿಗೆ, ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಇಂಜಿನಿಯರ್ ಗ್ರೂಪ್‌ಗೆ ಸ್ಯಾಪರ್ ಆಗಿ ಸೇರಿದೆ. ಸೇವೆಯಲ್ಲಿದ್ದಾಗಲೇ ಇಗ್ನೋದಲ್ಲಿ ಬಿ.ಎ. ಕಟ್ಟಿದೆ. ಮೂರು ವರ್ಷದ ಬಿ.ಎ.ಗೆ ಅವರು ಕೊಡುವ ಗರಿಷ್ಠ ಅವಧಿ ಆರು ವರ್ಷ. ನನಗೆ ಆರೂ ಬೇಕಾದವು. ಪರೀಕ್ಷೆ ಬಂದಾಗ ಪೋಸ್ಟಿಂಗ್, ಪೋಸ್ಟಿಂಗ್ ಇಲ್ಲದಾಗ ಎಕ್ಸರ್ಸೈಜು. 2019ರಲ್ಲಿ 17 ವರ್ಷ ಮುಗಿಸಿ ಊರಿಗೆ ಬಂದಾಗ ನನಗೆ 36.

ಬಂದವನು ಬಳ್ಳಾರಿಯ ಕಂಟೋನ್ಮೆಂಟ್ ಕಡೆ ಇರುವ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಇತಿಹಾಸಕ್ಕೆ ಅರ್ಜಿ ಹಾಕಿದೆ. ನಾವು ಶಾಲೆಯಲ್ಲಿದ್ದಾಗ ಬಳ್ಳಾರಿಯಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. ಅದು ಆದದ್ದು 2010ರಲ್ಲಿ. ನಮ್ಮ ಕುರುಗೋಡಿನ ದೊಡ್ಡಬಸವೇಶ್ವರನನ್ನು ದಿನಾ ನೋಡಿ ಬೆಳೆದವರಿಗೆ ಇತಿಹಾಸ ಬೇಡ ಅನ್ನಿಸುತ್ತದೆಯೇ? ಆಸೆ ಹಳೆಯದು. ಮನೆಯಲ್ಲಿ ಕೇಳಿದಾಗ ಒಂದು ಮಾತು ಹೇಳಿಬಿಟ್ಟೆ: "ಫೀಸು ಸರಕಾರ ಕೊಡ್ತದ, ಚಿಂತಿ ಮಾಡಬ್ಯಾಡ." ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬ್ಯಾರಕ್‌ನಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು, ನಾನೂ ನಂಬಿದ್ದೆ.

ಬ್ಯಾರಕ್‌ನ ಆ ಮಾತಿಗೆ ಬುಡ ಎಲ್ಲಿಯದೋ ಆಮೇಲೆ ಹೊಳೆಯಿತು. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಯುದ್ಧದಿಂದ ಬಂದವರ ಓದಿನ ಖರ್ಚನ್ನು ಸರಕಾರ ಹೊರುವ ಕಾನೂನು ಮಾಡಿದರು. ಈಗಲೂ ಅಲ್ಲಿ ಅಂಥ ಸೌಲಭ್ಯ ಇದೆ, ಸಾಮಾನ್ಯವಾಗಿ 36 ತಿಂಗಳಿಗೆ. ವರ್ಷಕ್ಕೆ ಒಂಬತ್ತು ತಿಂಗಳ ಪಾಠ ಎಂದು ಲೆಕ್ಕ ಹಾಕಿದರೆ ನಾಲ್ಕು ವರ್ಷದ ಪದವಿಗೇ ಅದು ಖಾಲಿ. ಅಲ್ಲಿಯ ನಿವೃತ್ತ ಸೈನಿಕರೂ ಸ್ನಾತಕೋತ್ತರಕ್ಕೆ ಬಂದಾಗ ಕೈ ಹೊಸೆಯುತ್ತಾರೆ. ನಮ್ಮಲ್ಲಿ ನೇರವಾಗಿ ಅಂಥ ಕಾನೂನೇ ಇಲ್ಲ. ಇರುವುದು ಬೇರೆ ರೀತಿಯದು.

ನಿವೃತ್ತಿಗೆ ಮುಂಚೆ ಪುನರ್ವಸತಿ ಮಹಾನಿರ್ದೇಶನಾಲಯದ ತರಬೇತಿ ಸಿಗುತ್ತದೆ. ಜವಾನರಿಗೆ ಅದರ ಶುಲ್ಕವನ್ನು ಸರಕಾರವೇ ಕೊಡುತ್ತದೆ. ಆದರೆ ಅದು ಕೆಲವು ತಿಂಗಳ ಕೋರ್ಸು, ಎಂ.ಎ. ಅಲ್ಲ. ಕೇಂದ್ರೀಯ ಸೈನಿಕ ಮಂಡಳಿಯ ಶಿಕ್ಷಣ ಅನುದಾನ ಇದೆ. ಅದು ಹವಾಲ್ದಾರ್ ಮತ್ತು ಕೆಳಗಿನ ದರ್ಜೆಯವರ ಇಬ್ಬರು ಮಕ್ಕಳಿಗೆ, ಒಂದನೆಯ ತರಗತಿಯಿಂದ ಪದವಿವರೆಗೆ. ತಲಾ ತಿಂಗಳಿಗೆ 1,000 ಇತ್ತು, 2025ರ ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ 2,000 ಆಗಿದೆ. ಸೈನಿಕನ ವಿಧವೆ ಎರಡು ವರ್ಷದ ಸ್ನಾತಕೋತ್ತರ ಓದಿದರೆ ಆಕೆಗೂ ಉಂಟು. ಮಾಜಿ ಸೈನಿಕ ತಾನೇ ಓದಿದರೆ? ಆ ಸಾಲು ಅದರಲ್ಲಿ ಇಲ್ಲ.

ಇದು ನನಗೆ ಗೊತ್ತಾದದ್ದು ಪ್ರವೇಶ ಪಡೆದ ಮೊದಲ ವಾರ. ಮನೆಗೆ ಬಂದು ಹೇಳಬೇಕಿತ್ತು. ಹೇಳಲಿಲ್ಲ.

ಆಗ ಕೈಯಲ್ಲಿ ಏನಿತ್ತು ಎಂಬುದನ್ನು ಕೇಳಿ, ಮುಂದೆ ಹೋಗುವ ಹುಡುಗರಿಗೆ ಉಪಯೋಗಕ್ಕೆ ಬರುತ್ತದೆ. ನಾವು ಮೂಲ ಪಿಂಚಣಿಯ ಅರ್ಧದವರೆಗೆ ಕಮ್ಯೂಟ್ ಮಾಡಿ ಒಟ್ಟು ಹಣ ತೆಗೆದುಕೊಳ್ಳಬಹುದು. ಆ ಭಾಗ ತಿಂಗಳ ಪಿಂಚಣಿಯಲ್ಲಿ 15 ವರ್ಷ ಕಡಿತವಾಗಿ, ಆಮೇಲೆ ಮತ್ತೆ ಪೂರ್ತಿ ಬರುತ್ತದೆ. ತುಟ್ಟಿಭತ್ಯೆ ಮಾತ್ರ ಪೂರ್ಣ ಮೂಲ ಪಿಂಚಣಿಯ ಮೇಲೇ ಸಿಗುತ್ತದೆ. ನಾನು ಅರ್ಧ ಕಮ್ಯೂಟ್ ಮಾಡಿದೆ, ಗ್ರಾಚ್ಯುಟಿಯೂ ಬಂತು. ಆ ಗಂಟಿನಲ್ಲಿ ಆರ್‌ಸಿಸಿ ಮನೆ ಎದ್ದಿತು, ತಂಗಿಯ ಮದುವೆ ಆಯಿತು, ಉಳಿದದ್ದು ಬೋರಿಗೆ ಇಳಿಯಿತು. ಬೋರಿನಲ್ಲಿ ನೀರು ಬಂತೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದೀರಿ, ನಿಮಗೆ ಗೊತ್ತೇ ಇದೆ. ಎರಡು ವರ್ಷದ ಓದಿಗೆಂದು ಒಂದು ಲಕ್ಷ ಬೇರೆ ಇಟ್ಟಿದ್ದರೆ ನಾನು ಇವತ್ತು ಈ ಭಾಷಣ ಮಾಡುತ್ತಿರಲಿಲ್ಲ.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಹೋದರೆ ವರಮಾನ ಪತ್ರದಲ್ಲಿ ಪಿಂಚಣಿ ಸೇರಿ ಮಿತಿ ದಾಟಿತು. ಒಂದು ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳಿದೆ. ಅಲ್ಲಿಯ ಅಧಿಕಾರಿ ಒಳ್ಳೆಯ ಮನುಷ್ಯ, ಚಹಾ ಕುಡಿಸಿ ಕಳಿಸಿದರು. "37 ವರ್ಷದವರು, ಇತಿಹಾಸ ಎಂ.ಎ., ತೀರಿಸೋದು ಹ್ಯಾಂಗ್ರೀ?" ಎಂದರು. ಸಂಶೋಧನೆಗೆ ಜೆಆರ್‌ಎಫ್ ಇದೆಯಲ್ಲ ಎಂದು ನೋಡಿದೆ. ಅದರ ವಯೋಮಿತಿ 30, ಸೈನ್ಯದಲ್ಲಿ ಸೇವೆ ಮಾಡಿದವರಿಗೆ ಹೆಚ್ಚೆಂದರೆ ಐದು ವರ್ಷ ಸಡಿಲಿಕೆ. ಹಿಂದುಳಿದ ವರ್ಗದ ಸಡಿಲಿಕೆಯನ್ನೂ ಕೂಡಿಸಿಕೊಳ್ಳೋಣ ಎಂದರೆ ಒಟ್ಟು ಐದನ್ನು ದಾಟುವಂತಿಲ್ಲ. ನಾನು ಸಮವಸ್ತ್ರ ಬಿಚ್ಚಿದ ದಿನವೇ 36. ಈ ನಿಯಮ ಮಾಡಿದವರು 17 ವರ್ಷ ಸೇವೆ ಮುಗಿಸಿ ಬರುವ ಜವಾನನ ವಯಸ್ಸನ್ನು ಒಮ್ಮೆ ಬೆರಳು ಮಡಚಿ ಎಣಿಸಿದ್ದರೆ ಚೆನ್ನಾಗಿತ್ತು.

ಸಿರುಗುಪ್ಪದ ಒಂದು ರೈಸ್‌ಮಿಲ್ಲಿನಲ್ಲಿ ರಾತ್ರಿ ಕಾವಲಿಗೆ ಸೇರಿದೆ. ಬೆಳಿಗ್ಗೆ ಅಲ್ಲಿಂದಲೇ ಬಳ್ಳಾರಿ ಬಸ್ಸು. ವಿದ್ಯಾರ್ಥಿ ಪಾಸು ತೋರಿಸಿದರೆ ಕಂಡಕ್ಟರು "ಮಗಳ ಪಾಸು ತಂದೀರೇನ್ರೀ?" ಎಂದು ಕೇಳಿದ್ದೂ ಉಂಟು. ಎರಡು ಸೆಮಿಸ್ಟರ್ ಹೀಗೇ ನಡೆಯಿತು. 2020ರಲ್ಲಿ ಕೊರೊನಾ ಬಂದು ತರಗತಿ ಮೊಬೈಲಿಗೆ ಬಂದವು. ಮಿಲ್ಲಿನವರು ಆಳು ಕಡಿಮೆ ಮಾಡಿದರು, ನನ್ನ ಕೆಲಸವೂ ಹೋಯಿತು. ಮೂರನೆಯ ಸೆಮಿಸ್ಟರ್ ಫೀಸಿಗೆ ನನ್ನ ಹೆಂಡತಿಯ ಬೋರಮಾಳ ಸರವನ್ನು ಕೇಳದೇ ಒತ್ತೆ ಇಟ್ಟೆ. ಒತ್ತೆ ಚೀಟಿ ನನ್ನ ಪಠ್ಯಪುಸ್ತಕದೊಳಗೆ ಇಟ್ಟಿದ್ದೆ. ಅದು ಸಿಕ್ಕಿದ್ದು ಮಗಳಿಗೆ.

ಆಕೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೇ ಅಂದಳು: "ಸರಕಾರ ಕೊಡ್ತದ ಅಂದ್ರಿ. ಸರ ಕೊಟ್ಟಿದ್ದು ಯಾವ ಸರಕಾರ?" ನಾನು ಎಲ್ಲವನ್ನೂ ಹೇಳಿದೆ. ಮರುವಾರ ಆಕೆ ತನ್ನ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಸರ ಬಿಡಿಸಿಕೊಂಡು ಬಂದಳು. ಕೊರಳಿಗೆ ಹಾಕಿಕೊಳ್ಳಲಿಲ್ಲ, ಟ್ರಂಕಿನಲ್ಲಿಟ್ಟು ಬೀಗದ ಕೈಯನ್ನು ಮಗಳಿಗೆ ಕೊಟ್ಟಳು. ಆ ಸಾಲದ ವಾರದ ಕಂತನ್ನು ನಾನೇ ಸಂಘದ ಸಭೆಗೆ ಹೋಗಿ ಕಟ್ಟಬೇಕು ಎಂಬುದು ಆಕೆಯ ಶರತ್ತು. 14 ಹೆಂಗಸರ ನಡುವೆ ನಿಂತು ಒಂದೂವರೆ ವರ್ಷ ಕಟ್ಟಿದೆ. ಕೋರ್ಟ್ ಮಾರ್ಷಲ್ ಇದಕ್ಕಿಂತ ಸುಲಭ ಇರಬೇಕು. ಇವತ್ತು ಇದನ್ನು ಮೈಕಿನಲ್ಲಿ ಹೇಳಲು ಆಕೆಯ ಒಪ್ಪಿಗೆ ಪಡೆದೇ ಬಂದಿದ್ದೇನೆ, ಅಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ.

ಎಂ.ಎ. ಮುಗಿಯಿತು. ಕೆ-ಸೆಟ್ ಪರೀಕ್ಷೆಗೆ ಗರಿಷ್ಠ ವಯೋಮಿತಿ ಇಲ್ಲ, ಎರಡನೆಯ ಸಲಕ್ಕೆ ಪಾಸಾದೆ. ಈಗ ಅತಿಥಿ ಉಪನ್ಯಾಸಕ. ಪಿಎಚ್.ಡಿ. ಮಾಡಬೇಕೆಂದಿದ್ದೆ, ಸದ್ಯ ಬಿಟ್ಟಿದ್ದೇನೆ. ಮಗಳು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಳೆ. ಆಕೆಯ ಅನುದಾನ ಪದವಿಗೇ ನಿಲ್ಲುತ್ತದೆ. ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ಕೊಡುತ್ತದೆ, ಆದರೆ ಅದು ಇಂಜಿನಿಯರಿಂಗ್, ವೈದ್ಯಕೀಯ, ಬಿ.ಇಡಿ., ಎಂ.ಬಿ.ಎ.ಯಂಥ ವೃತ್ತಿ ಕೋರ್ಸಿಗೆ. ಆಕೆ ಕೇಳುತ್ತಿರುವುದು ಎಂ.ಎಸ್ಸಿ. ಹಾಗಾಗಿ ಈಗಿನಿಂದಲೇ ಪ್ರತಿ ತಿಂಗಳು ಪಿಂಚಣಿ ಬಂದ ದಿನ ಒಂದು ಭಾಗ ಆಕೆಯ ಆರ್‌ಡಿಗೆ ಹೋಗುತ್ತದೆ. ಪಾಸ್‌ಬುಕ್ ಮನೆಯಲ್ಲಿ ಎಲ್ಲರಿಗೂ ಕಾಣುವ ಗೂಡಿನಲ್ಲಿದೆ.

ಇನ್ನೊಂದು ವಿಷಯ. 15 ವರ್ಷ ಸೇವೆ ಮಾಡಿದ ಮೆಟ್ರಿಕ್ ಪಾಸಾದವರಿಗೆ ಪದವಿಗೆ ಸಮಾನ ಎಂದು ಒಂದು ಪ್ರಮಾಣಪತ್ರ ಕೊಡುತ್ತಾರೆ. ಅದು ಗ್ರೂಪ್ ಸಿ ನೌಕರಿಗೆ ನಡೆಯುತ್ತದೆ, ಎಂ.ಎ. ಪ್ರವೇಶಕ್ಕೆ ನಡೆಯುವುದಿಲ್ಲ. ನನ್ನ ಜೊತೆಗಾರನೊಬ್ಬ ಅದನ್ನು ಲ್ಯಾಮಿನೇಷನ್ ಮಾಡಿಸಿಕೊಂಡು ಬಂದು ಕೌಂಟರಿನಿಂದ ಹಿಂದಿರುಗಿದ. ಸೇವೆಯಲ್ಲಿರುವಾಗಲೇ ನಿಜವಾದ ಪದವಿ ಮುಗಿಸಿಕೊಳ್ಳಿ.

ಅಗ್ನಿವೀರರಾಗಲು ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ಓಡುತ್ತಿರುವ ಹುಡುಗರಿಗೆ ಈ ಮಾತು ಇನ್ನೂ ಹತ್ತಿರದ್ದು. ನಿಮ್ಮದು ನಾಲ್ಕು ವರ್ಷ. ಕಾಯಂ ಆಗುವುದು ನೂರಕ್ಕೆ 25ರವರೆಗೆ. ಉಳಿದವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ತಿಂಗಳ ಸಂಬಳದ ನೂರಕ್ಕೆ 30 ಕಡಿತವಾಗಿ, ಅಷ್ಟನ್ನೇ ಸರಕಾರ ಸೇರಿಸಿ, ಬಡ್ಡಿಯೊಂದಿಗೆ ಸುಮಾರು 11.71 ಲಕ್ಷ ಸೇವಾನಿಧಿ ಬರುತ್ತದೆ. ಅಷ್ಟೇ ಗಂಟು. ಇಗ್ನೋದಲ್ಲಿ ಅಗ್ನಿವೀರರಿಗೆಂದೇ ಪದವಿ ಇದೆ, ಅರ್ಧ ಕ್ರೆಡಿಟ್ಟು ನಿಮ್ಮ ಸೇನಾ ತರಬೇತಿಯಿಂದಲೇ ಬರುತ್ತದೆ. ಅದನ್ನು ಬಿಡಬೇಡಿ. ಮೊದಲ ತಂಡದವರು 2026ರ ಕೊನೆ, 2027ರ ಆರಂಭಕ್ಕೆ ಮನೆಗೆ ಬರುತ್ತಾರೆ. ಬಂದ ವಾರವೇ ಟ್ರ್ಯಾಕ್ಟರ್ ಷೋರೂಮಿನವರು, ಸೈಟು ಮಾರುವವರು ಬಾಗಿಲಿಗೆ ಬರುತ್ತಾರೆ, ನನ್ನ ಬಾಗಿಲಿಗೂ ಬಂದಿದ್ದರು.

ನಾನು ಭಾನುವಾರ ಮನೆಯಲ್ಲೇ ಇರುತ್ತೇನೆ. ಅರ್ಜಿ ತುಂಬುವುದಿದ್ದರೆ ಡಿಸ್ಚಾರ್ಜ್ ಬುಕ್, ಪಿಪಿಒ ಪ್ರತಿ, ಮಕ್ಕಳ ಅಂಕಪಟ್ಟಿ ತನ್ನಿ. ಸಾಧ್ಯವಾದರೆ ಮನೆಯವರನ್ನೂ ಕರೆದುಕೊಂಡು ಬನ್ನಿ. ಊಟದ ಗಂಟೆ ಹೊಡೆದಾಯಿತು, ಗುರುಗಳು ಕೈಗಡಿಯಾರ ನೋಡುತ್ತಿದ್ದಾರೆ.