ಪೋಷಕನಟ ಬಾಲಕೃಷ್ಣ



ಕಿವಿಯೊಂದನ್ನೇ ನಂಬಿ ನಡೆಯುವ ಈ ಆಕಾಶವಾಣಿಯ ಮೂಲಕ, ಕಿವಿ ಸರಿಯಾಗಿ ಕೇಳಿಸದಿದ್ದ ಒಬ್ಬ ನಟರ ವಿಷಯವನ್ನು ತಮ್ಮಲ್ಲಿ ಬಿನ್ನವಿಸಬೇಕೆಂದಿದ್ದೇನೆ. ಅರಸೀಕೆರೆಯಲ್ಲಿ ಜನಿಸಿ 1995ರಲ್ಲಿ ಕಾಲವಾದ ಟಿ. ಎನ್. ಬಾಲಕೃಷ್ಣ ಅವರನ್ನು ಕನ್ನಡ ಜನರು ಬಾಲಣ್ಣನೆಂದೇ ಬಲ್ಲರು.

ಬಡತನದಲ್ಲಿ ಬೆಳೆದು, ವೃತ್ತಿನಾಟಕ ಮಂಡಲಿಗಳಲ್ಲಿ ಪಳಗಿ, 1943ರ ‘ರಾಧಾರಮಣ’ದಿಂದ ಅವರು ಚಿತ್ರರಂಗವನ್ನು ಹೊಕ್ಕರು. ಅನಂತರ ಅಭಿನಯಿಸಿದ ಚಿತ್ರಗಳು 500ಕ್ಕೂ ಮಿಕ್ಕುವು.

ಸಂಭಾಷಣೆಯೆಂಬುದು ಮಾತನಾಡುವ ಕಲೆಯೆಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಅದರ ಅರ್ಧಭಾಗ ಕೇಳುವ ಕಲೆ. ಎದುರಿನವರ ಮಾತು ಮುಗಿದ ಕ್ಷಣವನ್ನರಿಯದೆ ಉತ್ತರ ಕೊಟ್ಟರೆ ಹಾಸ್ಯವು ಸಪ್ಪೆಯಾದೀತು, ಶೋಕವು ನಗೆಪಾಟಲಾದೀತು. ಬಾಲಕೃಷ್ಣ ಅವರು ಆ ಕ್ಷಣವನ್ನು ಎದುರಿನವರ ತುಟಿಗಳ ಚಲನೆಯಿಂದ ಗ್ರಹಿಸುತ್ತಿದ್ದರು. ಆದುದರಿಂದ ಅವರ ದೃಷ್ಟಿ ಜೊತೆಯ ನಟರ ಮುಖವನ್ನು ಬಿಟ್ಟು ಅತ್ತಿತ್ತ ಸರಿಯುವಂತಿರಲಿಲ್ಲ. ಕುತಂತ್ರಿಯ ಪಾತ್ರದಲ್ಲಿ ಈ ನೋಟವೇ ಹೊಂಚುವ ನೋಟವಾಯಿತು. 1972ರ ‘ಬಂಗಾರದ ಮನುಷ್ಯ’ದಲ್ಲಿ, ನಾಯಕನಿಗೆ ಬೆಂಬಲವಾಗಿ ನಿಲ್ಲುವ ರಾಚೂಟಪ್ಪನ ಪಾತ್ರದಲ್ಲಿ, ಅದೇ ನೋಟ ವಾತ್ಸಲ್ಯವಾಯಿತು. ಇದು ನನ್ನ ಸ್ವಂತ ಎಣಿಕೆ. ಒಪ್ಪದವರು ಆ ಚಿತ್ರವನ್ನು ಇನ್ನೊಮ್ಮೆ ನೋಡಿ, ಅವರು ಮಾತನಾಡದಿರುವಾಗಿನ ಮುಖವನ್ನು ಪರಿಶೀಲಿಸಬಹುದು.

ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನಲ್ಲಿಯೇ ತಯಾರಾಗುತ್ತಿದ್ದ ಕಾಲವದು. ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಇವರೊಡನೆ ಕೈಗೂಡಿಸಿ 1960ರಲ್ಲಿ ‘ರಣಧೀರ ಕಂಠೀರವ’ವನ್ನು ನಿರ್ಮಿಸಿದವರಲ್ಲಿ ಬಾಲಕೃಷ್ಣ ಅವರೂ ಒಬ್ಬರು. ಅಷ್ಟಕ್ಕೇ ತೃಪ್ತರಾಗಲಿಲ್ಲ. ಅದೇ ದಶಕದಲ್ಲಿ ಬೆಂಗಳೂರಿನ ಹೊರವಲಯದಲ್ಲಿ, ಕೆಂಗೇರಿಯ ಸಮೀಪ, ‘ಅಭಿಮಾನ್’ ಸ್ಟುಡಿಯೋವನ್ನು ಆರಂಭಿಸಿದರು. ನಾಯಕನಟರೇ ಹಿಂಜರಿಯುವಂಥ ಈ ಸಾಹಸಕ್ಕೆ ಪೋಷಕನಟರೊಬ್ಬರು ಕೈಹಾಕಿದುದು ಅವಿವೇಕವೆಂದು ಲೆಕ್ಕ ಬಲ್ಲವರು ಹೇಳಿಯಾರು. ಲೆಕ್ಕದಲ್ಲಿ ಅವರ ಮಾತೇ ಸರಿ. ನಟನೆಯ ಗಳಿಕೆಯನ್ನು ಸ್ಟುಡಿಯೋ ನುಂಗಿತು. ಸಾಲದ ಚಿಂತೆ ಬಾಲಕೃಷ್ಣ ಅವರನ್ನು ಬಿಡಲಿಲ್ಲ. ತೆರೆಯ ಮೇಲೆ ಪರರ ಮನೆ ಮುರಿಯುವ ಪಾತ್ರಗಳಿಂದ ಬಂದ ಸಂಭಾವನೆ, ಕನ್ನಡ ಚಿತ್ರಗಳಿಗೆ ಊರಲ್ಲೊಂದು ಮನೆ ಕಟ್ಟುವುದಕ್ಕೆ ವೆಚ್ಚವಾಯಿತು.

2009ರ ಡಿಸೆಂಬರಿನಲ್ಲಿ ನಟ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಜರುಗಿದುದು ಆ ಸ್ಟುಡಿಯೋದ ಆವರಣದಲ್ಲಿಯೇ.