ಹೆದರಿಕೆಯಲ್ಲಿ ಸೊಗಸೇನು?

ರಾತ್ರಿ ಅಡಿಗೆಮನೆಯಲ್ಲಿ ಬೆಕ್ಕು ಪಾತ್ರೆ ಬೀಳಿಸಿದರೆ ಎದೆ ಹಿಡಿದುಕೊಳ್ಳುವ ಮನುಷ್ಯನೇ ದೆವ್ವದ ಚಿತ್ರಕ್ಕೆ ಕಾಸು ಕೊಟ್ಟು ಸಾಲಿನಲ್ಲಿ ನಿಲ್ಲುತ್ತಾನೆ. ಇದು ಕೀಳು ಅಭಿರುಚಿ, ಎಳೆಯರನ್ನು ಕೆಡಿಸತಕ್ಕದ್ದು ಎನ್ನುವವರುಂಟು. ತರಗತಿಯಲ್ಲಿ ನಾನೂ ಹಾಗೆ ಗದರಿಸಿದವನೇ. ಈಗ ಆ ಮಾತನ್ನು ತಿದ್ದಿಕೊಳ್ಳಬೇಕೆಂದು ತೋರುತ್ತದೆ.

ಒಂದು ಕಥೆ ನಡೆದುಬಂದ ದಾರಿಯನ್ನು ನೋಡಿ. 1993ರಲ್ಲಿ ಫಾಜಿಲರು ಮಲಯಾಳದಲ್ಲಿ ‘ಮಣಿಚಿತ್ರತ್ತಾಳ್’ ತೆಗೆದರು. ಅದು 2004ರಲ್ಲಿ ಪಿ. ವಾಸು ಅವರ ಕೈಯಲ್ಲಿ ಕನ್ನಡದ ‘ಆಪ್ತಮಿತ್ರ’ವಾಯಿತು, ಮರುವರ್ಷ ಅವರಿಂದಲೇ ತಮಿಳಿನ ‘ಚಂದ್ರಮುಖಿ’ಯಾಯಿತು, 2007ರಲ್ಲಿ ಹಿಂದಿಗೂ ಹೋಯಿತು. ಹಳೆಯ ಬಂಗಲೆ, ಬೀಗ ಜಡಿದ ಕೋಣೆ, ಅದನ್ನು ತೆರೆಯುವ ಎಳೆಯ ಗೃಹಿಣಿ, ಎಂದೋ ಸತ್ತ ನರ್ತಕಿ. ಗುಟ್ಟು ಊರಿಗೆಲ್ಲ ತಿಳಿದುಹೋಗಿತ್ತು. ಆದರೂ ಜನ ಎರಡನೆಯ ಸಲ, ಮೂರನೆಯ ಸಲ ಹೋದರು. ನನ್ನ ಹಿಂದೆ ಕುಳಿತಿದ್ದವರೊಬ್ಬರು ಮುಂದೆ ಆಗುವುದನ್ನೆಲ್ಲ ಹೆಂಡತಿಗೆ ಮುಂಚಿತವಾಗಿಯೇ ಹೇಳುತ್ತಿದ್ದರು. ಗೆಜ್ಜೆಯ ಸದ್ದು ಕೇಳಿದೊಡನೆ ಕಾಲು ಮೇಲಕ್ಕೆತ್ತಿಕೊಂಡವರೂ ಅವರೇ!

ಹಾಗಾದರೆ ಈ ಹೆದರಿಕೆ, ಮುಂದೇನೋ ಎಂದು ತಿಳಿಯದ್ದರಿಂದ ಹುಟ್ಟಿದ್ದಲ್ಲ. ಭರತಮುನಿ ಎಂಟು ರಸಗಳಲ್ಲಿ ಭಯಾನಕವನ್ನೂ ಎಣಿಸಿದ್ದಾನೆ. ಅದರ ಬಣ್ಣ ಕಪ್ಪು, ಅಧಿದೇವತೆ ಕಾಲ. ಅದಕ್ಕೆ ಕಾರಣಗಳೆಂದು ಅವನು ಹೇಳುವುದೇನು? ವಿಕಾರವಾದ ಧ್ವನಿ, ನರಿ, ಗೂಬೆ, ಪಾಳುಮನೆ, ಕಾಡು. ಇಂದಿನ ಚಿತ್ರಗಳ ಸಾಮಗ್ರಿಯೂ ಇದೇ ಅಲ್ಲವೆ? ಹೆಂಗಸರಿಗೂ ಅಲ್ಪರಿಗೂ ಈ ಭಾವ ಸಹಜವೆಂದು ಮುನಿಯ ಮತ. ಇದನ್ನು ಮಾತ್ರ ನಾನು ಒಪ್ಪಲಾರೆ. ಕಾಲೆತ್ತಿಕೊಂಡ ಮಹನೀಯರಿಗೆ ಗಿರಿಜಾ ಮೀಸೆಯಿತ್ತು.

ಈ ತೊಡಕನ್ನು ಬಿಡಿಸಿದವನು ಕಾಶ್ಮೀರದ ಅಭಿನವಗುಪ್ತ. ಅವನು ಎತ್ತಿಕೊಳ್ಳುವ ಉದಾಹರಣೆ ಶಾಕುಂತಲದ ಜಿಂಕೆ. ದುಷ್ಯಂತನ ರಥ ಅಟ್ಟಿಬರುತ್ತಿದೆ. ಜಿಂಕೆ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಾ ಓಡುತ್ತಿದೆ. ಅರ್ಧ ಅಗಿದ ದರ್ಭೆ ಬಾಯಿಂದ ಉದುರುತ್ತಿದೆ. ಆ ಭಯ ಯಾರದು? ‘ನಾನು ಹೆದರಿದೆ’ ಎಂದು ನಾವು ಎದ್ದು ಓಡುವುದಿಲ್ಲ; ‘ಅದು ಹೆದರಿತು, ನನಗೇನು’ ಎಂದು ಸುಮ್ಮನೆ ಕೂರುವುದೂ ಇಲ್ಲ. ದೇಶಕಾಲಗಳ ಕಟ್ಟು ಕಳಚಿದ ಬರಿಯ ಭಯವೊಂದು ಎದೆಯನ್ನು ಹೊಕ್ಕು ಕಣ್ಣಮುಂದೆ ಕುಣಿಯುತ್ತದೆ. ಅದು ರಸ. ಸವಿಯತಕ್ಕದ್ದು. ಬದುಕಿನ ಭಯಕ್ಕೆ ಈ ಬಿಡುಗಡೆಯಿಲ್ಲ: ಮಗುವಿನ ಜ್ವರ ಇಳಿಯದ ರಾತ್ರಿಯಲ್ಲಿ ಯಾರು ರಸಿಕರು?

ಆದ್ದರಿಂದಲೇ ಬರಿಯ ರಕ್ತ ಚೆಲ್ಲುವ ಚಿತ್ರಗಳು ನನಗೆ ಒಗ್ಗವು. ಅವು ಭಯಾನಕವನ್ನು ಬಿಟ್ಟು ಬೀಭತ್ಸಕ್ಕೆ ಜಾರುತ್ತವೆ. ‘ಆಪ್ತಮಿತ್ರ’ದಲ್ಲಿ ದೆವ್ವವೆಂದು ನಾವು ಅಂಜಿದವಳು ಕಡೆಗೆ ಕಾಯಿಲೆಯ ಹೆಣ್ಣುಮಗಳು, ಮನೆಯ ಸೊಸೆ. ಅವಳನ್ನು ಗುಣಪಡಿಸುವುದಕ್ಕೂ ವೈದ್ಯ ಒಂದು ನಾಟಕವನ್ನೇ ಹೂಡುತ್ತಾನೆ. ಸೇಡು ತೀರಿತೆಂದು ಅವಳು ನಂಬಬೇಕು. ನಿಜವಾದ ಕಾಯಿಲೆ ಅಷ್ಟು ಸುಲಭವಾಗಿ ವಾಸಿಯಾಗದು. ಅಂಥವರನ್ನು ದೆವ್ವ ಹಿಡಿದವಳೆಂದು ಬೇವಿನ ಸೊಪ್ಪಿನಿಂದ ಹೊಡೆಸಿದ ಮನೆಗಳನ್ನು ನಾನು ಬಲ್ಲೆ. ಚಿತ್ರ ನೋಡಿ ಬಂದ ಹುಡುಗರಿಗೆ ಇಷ್ಟನ್ನು ಹೇಳಬೇಕಾದವರು ನಾವು. ಗದರಿಸಿದರೆ ಈ ಮಾತಿಗೆ ಎಡೆಯೆಲ್ಲಿ?

ಆ ಪಾತ್ರವನ್ನು ಮಾಡಿದ ಸೌಂದರ್ಯ 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ತೆರೆಕಂಡದ್ದು ಆಗಸ್ಟ್‌ನಲ್ಲಿ. ಆಕೆ ಕಣ್ಣರಳಿಸಿ ಕುಣಿಯತೊಡಗಿದಾಗ ಚಿತ್ರಮಂದಿರ ನಿಶ್ಶಬ್ದವಾಯಿತು. ಅದು ಭಯಾನಕವೋ ಕರುಣವೋ, ನಾನು ಓದಿದ ಯಾವ ಲಕ್ಷಣಗ್ರಂಥವೂ ಆ ಹೊತ್ತಿನಲ್ಲಿ ನೆರವಿಗೆ ಬರಲಿಲ್ಲ.